ದೂರದ ಜೈಲಿಗೆ ಬರೆದ ಕಾರ್ಡಿನಿಂದ ಏನಾದರೂ ಆಗುತ್ತದಾ?

ತುಂಗಾತೀರದವಳು:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಮೂರು ವಾರದಿಂದ ತಲೆ ತಿನ್ನುತ್ತಿದೆ. ಬರಹ ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ಶಿವಮೊಗ್ಗದಲ್ಲಿ ನಮ್ಮದೊಂದು ಓದುಗರ ಬಳಗ ಇದೆ. ಹನ್ನೊಂದು ಜನ. ಕಳೆದ ತಿಂಗಳು ವಿಯೆಟ್ನಾಂನ ಪತ್ರಕರ್ತೆ ಫಾಮ್ ದೊವಾನ್ ಟ್ರಾಂಗ್ ಬಗ್ಗೆ ಮಾತಾಡಿದೆವು. 2020ರ ಅಕ್ಟೋಬರ್ 6ರಂದು ಅಮೆರಿಕ ಮತ್ತು ವಿಯೆಟ್ನಾಂ ಅಧಿಕಾರಿಗಳು ಮಾನವ ಹಕ್ಕುಗಳ ಬಗ್ಗೆ ಮಾತುಕತೆ ನಡೆಸಿದರು. ಅದು ಮುಗಿದು ಕೆಲವೇ ಗಂಟೆಯಲ್ಲಿ ಪೊಲೀಸರು ಹೋ ಚಿ ಮಿನ್ ನಗರದಲ್ಲಿ ಈ ಹೆಣ್ಣುಮಗಳನ್ನು ಹಿಡಿದರು. 2021ರ ಡಿಸೆಂಬರ್‌ನಲ್ಲಿ ಒಂಬತ್ತು ವರ್ಷ ಶಿಕ್ಷೆ ಆಯಿತು. ಸರ್ಕಾರದ ವಿರುದ್ಧ ಪ್ರಚಾರ ಮಾಡಿದಳು ಅನ್ನುವುದು ಆರೋಪ. ಮಾಡಿದ್ದು ಬರವಣಿಗೆ, ಅಷ್ಟೇ.

ನಾವು ಒಂದು ಕಾರ್ಡು ಬರೆಯೋಣ ಅಂದುಕೊಂಡೆವು. ಕೂಡಲಿ ಸಂಗಮದ ಚಿತ್ರ ಇರುವ ಕಾರ್ಡು ತಂದೆ. ಎಲ್ಲರೂ ಒಂದೊಂದು ಸಾಲು ಬರೆಯುತ್ತಿದ್ದೆವು. ಆಗ ನಮ್ಮಲ್ಲಿ ಹಿರಿಯರಾದ ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಇದು ಜೈಲಿನ ಬಾಗಿಲೂ ದಾಟುವುದಿಲ್ಲಮ್ಮ. ನಾವು ನಮ್ಮ ಮನಸ್ಸಿನ ಸಮಾಧಾನಕ್ಕೆ ಬರೆಯುತ್ತಿದ್ದೇವೆ" ಅಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಕಾರ್ಡು ಇನ್ನೂ ನನ್ನ ಟೇಬಲ್ ಮೇಲೇ ಇದೆ.

ಅವತ್ತಿನಿಂದ ನಾನು ಚಾರ್ಟರ್ 77 ಬಗ್ಗೆ ಓದುತ್ತಿದ್ದೇನೆ. ಆಗ ಕಮ್ಯುನಿಸ್ಟ್ ಆಡಳಿತ ಇದ್ದ ಚೆಕೊಸ್ಲೊವಾಕಿಯದಲ್ಲಿ ಜನ ಸರ್ಕಾರಕ್ಕೆ ಬರೆದ ಮನವಿ ಅದು. 1977ರ ಜನವರಿ 6ರಂದು ಪ್ರಾಗ್‌ನಲ್ಲಿ ನಾಟಕಕಾರ ವಾಸ್ಲಾವ್ ಹಾವೆಲ್, ಲೇಖಕ ಲುದ್ವಿಕ್ ವಾಸುಲಿಕ್, ನಟ ಪಾವೆಲ್ ಲಾಂಡೊವ್‌ಸ್ಕಿ ಒಂದು ಕಾರಿನಲ್ಲಿ ಹೊರಟರು. ಕಾರು ಲಾಂಡೊವ್‌ಸ್ಕಿಯದು. ಕಾರಿನ ತುಂಬ ಲಕೋಟೆಗಳು. ಒಳಗಿದ್ದದ್ದು ಬಾಂಬು ಅಲ್ಲ, ಈ ಮನವಿ. ಸುಮಾರು 240 ಜನ ಸಹಿ ಹಾಕಿದ್ದರು. ಅವರು ಹೇಳಿದ್ದು ತುಂಬ ಸರಳ. ಹೆಲ್ಸಿಂಕಿಯಲ್ಲಿ ಮಾನವ ಹಕ್ಕುಗಳನ್ನು ಕಾಪಾಡುತ್ತೇವೆ ಅಂತ ಸಹಿ ಹಾಕಿದ್ದೀರಿ, ವಿಶ್ವಸಂಸ್ಥೆಯ ಮಾನವ ಹಕ್ಕು ಒಪ್ಪಂದಗಳನ್ನು ನಮ್ಮ ಕಾನೂನು ಪುಸ್ತಕದಲ್ಲೂ ಅಚ್ಚು ಹಾಕಿದ್ದೀರಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಪೊಲೀಸರು ಕಾರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರು. ಅಷ್ಟರಲ್ಲಿ ಕೆಲವು ಲಕೋಟೆ ಅಂಚೆ ಡಬ್ಬಿಗೆ ಬಿದ್ದಾಗಿತ್ತು.

ಚಾರ್ಟರ್‌ಗೆ ಮೂವರು ವಕ್ತಾರರು. ಹಾವೆಲ್ ಒಬ್ಬರು. 1968ರಲ್ಲಿ ವಿದೇಶಾಂಗ ಸಚಿವರಾಗಿದ್ದ ಯಿರ್ಶಿ ಹಾಯೆಕ್ ಇನ್ನೊಬ್ಬರು. ಮೂರನೆಯವರು ತತ್ವಶಾಸ್ತ್ರದ ಮೇಷ್ಟ್ರು ಯಾನ್ ಪಾತೊಚ್ಕಾ, ವಯಸ್ಸು 69. ಮಾರ್ಚ್ 1ರಂದು ನೆದರ್‌ಲೆಂಡ್ಸ್‌ನ ವಿದೇಶಾಂಗ ಸಚಿವ ಮಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಾಗ್‌ಗೆ ಬಂದಿದ್ದಾಗ ಪಾತೊಚ್ಕಾ ಅವರನ್ನು ಭೇಟಿಯಾದರು. ಹೊರದೇಶದ ಮಂತ್ರಿಯೊಬ್ಬ ಚಾರ್ಟರ್‌ನವರ ಜೊತೆ ನಿಂತು ಮಾತಾಡಿದ್ದು ಅದೇ ಮೊದಲು. ಸಿಟ್ಟಾದ ಅಧ್ಯಕ್ಷ ಹುಸಾಕ್ ಆ ಮಂತ್ರಿಯ ಜೊತೆಗಿನ ತಮ್ಮ ಭೇಟಿಯನ್ನೇ ರದ್ದು ಮಾಡಿದರು. ಪಾತೊಚ್ಕಾ ಅವರನ್ನು ಪೊಲೀಸರು ಗಂಟೆಗಟ್ಟಲೆ ವಿಚಾರಣೆಗೆ ಕೂರಿಸಿದರು. ಮಾರ್ಚ್ 13ಕ್ಕೆ ಅವರು ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಪಾದ್ರಿಯ ಮಾತು ಯಾರಿಗೂ ಕೇಳಬಾರದು ಅಂತ ಮೇಲೆ ಹೆಲಿಕಾಪ್ಟರ್ ಹಾರಿಸಿದರು, ಪಕ್ಕದಲ್ಲಿ ಮೋಟಾರ್ ಬೈಕುಗಳ ಎಂಜಿನ್ ರೇಗಿಸಿದರು.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹೊರಗಿನವನೊಬ್ಬ ಕೈ ಚಾಚಿದ. ಒಳಗಿನವರು ಅದರ ಬೆಲೆ ಕೊಟ್ಟರು. ಹಾಗಾದರೆ ಕೈ ಚಾಚಬೇಕಾ, ಬೇಡವಾ? ನಿಮಗೆ ಏನನ್ನಿಸುತ್ತದೆ ಹೇಳಿ.

ಹಳೇ ಟೈಪಿಸ್ಟ್:

ಅಮ್ಮಾ, ನಿಮ್ಮ ದೊಡ್ಡ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ನನಗೆ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ.

ನಾನು ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಟೈಪಿಂಗ್ ಮಾಡಿದವನು. ಆ ಕಮ್ಯುನಿಸ್ಟ್ ದೇಶಗಳಲ್ಲಿ ನಿಷೇಧಿಸಿದ ಬರಹಗಳನ್ನು ಜನ ಟೈಪ್ ಮಾಡಿ ಮಾಡಿ ಹಂಚುತ್ತಿದ್ದರು ಅಂತ ಎಲ್ಲರೂ ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಆ ಕೆಲಸ ಎಂಥದ್ದು ಅಂತ ಬೆರಳಿಗೆ ಗೊತ್ತು. ಒಂದು ದಪ್ಪ ಹಾಳೆ, ಅದರ ಕೆಳಗೆ ಕಾರ್ಬನ್, ಆಮೇಲೆ ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ, ಮತ್ತೆ ಕಾರ್ಬನ್. ನಾಲ್ಕು ಪ್ರತಿ ಆರಾಮಾಗಿ ಬರುತ್ತದೆ. ಎಂಟು ಬೇಕೆಂದರೆ ಕೀಲಿಯನ್ನು ಕುಟ್ಟಬೇಕು. ಕೊನೇ ಪ್ರತಿಯಲ್ಲಿ ಅಕ್ಷರ ಮಸುಕು, ಪೂರ್ಣವಿರಾಮ ಇದ್ದಲ್ಲಿ ಮೇಲಿನ ಹಾಳೆ ತೂತು. ಒಂದು ಅಕ್ಷರ ತಪ್ಪಿದರೆ ಎಂಟೂ ಹಾಳೆ ಬಿಡಿಸಿ ರಬ್ಬರ್‌ನಲ್ಲಿ ತಿಕ್ಕಬೇಕು. ಮುನ್ನೂರು ಪುಟದ ಕಾದಂಬರಿಯನ್ನು ಹೀಗೆ ಟೈಪ್ ಮಾಡುವುದೆಂದರೆ ತಿಂಗಳುಗಟ್ಟಲೆ ಕೆಲಸ. ಸದ್ದು ಪಕ್ಕದ ಮನೆಗೆ ಕೇಳುತ್ತದೆ ಅನ್ನುವ ಭಯ ಬೇರೆ.

ನೀವು ಹೇಳಿದ ವಾಸುಲಿಕ್ ಇದೇ ರೀತಿ ನೂರಾರು ಪುಸ್ತಕ ಹೊರತಂದರು. ಆ ಮಾಲೆಯ ಹೆಸರಿನ ಅರ್ಥ ಬಾಗಿಲಿನ ಚಿಲಕ. ಪ್ರತಿಯೊಂದರಲ್ಲೂ "ಈ ಹಸ್ತಪ್ರತಿಯನ್ನು ಮತ್ತೆ ನಕಲು ಮಾಡುವಂತಿಲ್ಲ" ಅಂತ ಒಂದು ಸಾಲು ಇರುತ್ತಿತ್ತು. ಕೇಸು ಬಿದ್ದರೆ ನಾವೇನೂ ಹಂಚಲಿಲ್ಲ ಅನ್ನುವುದಕ್ಕೆ ಆ ಸಾಲು. ಓದಿದವರು ಮತ್ತೆ ಎಂಟು ಪ್ರತಿ ಮಾಡುತ್ತಿದ್ದರು.

ಪೋಲೆಂಡ್‌ನಲ್ಲಿ 1981ರ ಡಿಸೆಂಬರ್ 13ರಂದು ಸೇನಾ ಆಡಳಿತ ಹೇರಿದ ಮೇಲೆ ಇನ್ನೂ ಕಷ್ಟ. ಸಾಲಿಡಾರಿಟಿ ಅನ್ನುವ ಕಾರ್ಮಿಕ ಸಂಘಕ್ಕೆ ಕೋಟಿಯ ಹತ್ತಿರ ಸದಸ್ಯರಿದ್ದರು. ಒಂದೇ ರಾತ್ರಿಯಲ್ಲಿ ಟೆಲಿಫೋನ್ ಸತ್ತುಹೋಯಿತು, ಮುಖಂಡರು ಒಳಗೆ ಹೋದರು. ಅಚ್ಚಿನ ಶಾಯಿ ಸಿಗುತ್ತಿರಲಿಲ್ಲ. ಬಟ್ಟೆ ಒಗೆಯುವ ಪೇಸ್ಟಿಗೆ ಬಣ್ಣ ಕಲಸಿ ಶಾಯಿ ಮಾಡಿಕೊಂಡರು, ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಒಂದೊಂದೇ ಹಾಳೆ ಒತ್ತಿದರು. ಹೊರಗಿನ ಕಾರ್ಮಿಕ ಸಂಘಗಳನ್ನು ಅವರು ಕೇಳಿದ್ದು ಭಾಷಣ ಅಲ್ಲ. ಶಾಯಿ ಕಳಿಸಿ, ನಕಲು ಯಂತ್ರ ಕಳಿಸಿ, ಬಿಡಿಭಾಗ ಕಳಿಸಿ ಅಂದರು. ಸ್ವೀಡನ್ನಿನಿಂದ, ಫ್ರಾನ್ಸಿನಿಂದ ಕದ್ದುಮುಚ್ಚಿ ಬಂತು. ನನ್ನ ಮಟ್ಟಿಗೆ ಉಪಯೋಗ ಅಂದರೆ ಅದು.

ಕೆಂಪು ಅಂಗಿ:

ಮೇಡಂ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಈ ಕಥೆಯ ಇನ್ನೊಂದು ಮುಖ ಹೇಳದೆ ಇರಲಾರೆ. ನಾನು ಎಡಪಂಥೀಯ, ಕಾರ್ಮಿಕ ಸಂಘದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು.

1981ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ತನ್ನ ದೇಶದಲ್ಲಿ ಮುಷ್ಕರ ಮಾಡಿದ 11,000ಕ್ಕೂ ಜಾಸ್ತಿ ವಿಮಾನ ಸಂಚಾರ ನಿಯಂತ್ರಕರನ್ನು ಕೆಲಸದಿಂದ ತೆಗೆದ. ಅದೇ ವರ್ಷ ಡಿಸೆಂಬರ್‌ನಲ್ಲಿ ಪೋಲೆಂಡ್ ಕಾರ್ಮಿಕರಿಗಾಗಿ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿ ಅಂದ. ಸಾಲಿಡಾರಿಟಿಗೆ ಸಿಐಎ ಹಣವೂ ಹೋಯಿತು, ಅದು ಈಗ ಗುಟ್ಟೇನಲ್ಲ. ಚಿಲಿಯಲ್ಲಿ ಸರ್ವಾಧಿಕಾರಿ ಪಿನೊಚೆ ಜನರನ್ನು ಕೊಲ್ಲುವಾಗ ಇವರೆಲ್ಲ ಎಲ್ಲಿದ್ದರು? ಒಬ್ಬರ ನೋವಿಗೆ ಕಣ್ಣೀರು, ಇನ್ನೊಬ್ಬರ ನೋವಿಗೆ ಬೆನ್ನು. ಇದಕ್ಕೆ ಸೌಹಾರ್ದ ಅನ್ನಲು ನನ್ನ ನಾಲಗೆ ಹೊರಳುವುದಿಲ್ಲ.

ತುಂಗಾತೀರದವಳು:

ಕೆಂಪು ಅಂಗಿ ಸರ್, ನೀವು ಹೇಳಿದ್ದು ಸತ್ಯ. ಸರ್ಕಾರಗಳ ಕಣ್ಣೀರಿನ ಬಗ್ಗೆ ನನಗೂ ಅಷ್ಟೇ ಅನುಮಾನ. ಆದರೆ ನಾನು ಕೇಳುತ್ತಿರುವುದು ಜನರ ಬಗ್ಗೆ.

ಚಾರ್ಟರ್‌ಗೆ ಸಹಿ ಹಾಕಿದವರಲ್ಲಿ ಬಹಳಷ್ಟು ಜನ ಹಳೇ ಕಮ್ಯುನಿಸ್ಟರು. ಹಾಯೆಕ್ ಪಕ್ಷದವರೇ ಆಗಿದ್ದರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಅವರನ್ನು ಹೊರಹಾಕಿದ್ದು. ಕೈದಿಗಳ ಪರ ಕಾಗದ ಬರೆಯುವ ಆಮ್ನೆಸ್ಟಿ ಸಂಸ್ಥೆ 1961ರಲ್ಲಿ ಶುರುವಾದಾಗ ಒಂದು ನಿಯಮ ಇಟ್ಟುಕೊಂಡಿತ್ತು. ಪ್ರತಿ ಗುಂಪೂ ಮೂವರು ಕೈದಿಗಳ ಪರವಾಗಿ ಬರೆಯಬೇಕು. ಒಬ್ಬರು ಪಶ್ಚಿಮದ ದೇಶದವರು, ಒಬ್ಬರು ಕಮ್ಯುನಿಸ್ಟ್ ದೇಶದವರು, ಇನ್ನೊಬ್ಬರು ಈ ಎರಡಕ್ಕೂ ಸೇರದ ದೇಶದವರು. ನನಗೆ ಆ ಲೆಕ್ಕ ತುಂಬ ಇಷ್ಟ. 1976ರ ಡಿಸೆಂಬರ್‌ನಲ್ಲಿ ಜೂರಿಕ್ ವಿಮಾನ ನಿಲ್ದಾಣದಲ್ಲಿ ಸೋವಿಯತ್ ಭಿನ್ನಮತೀಯ ವ್ಲಾದಿಮಿರ್ ಬುಕೊವ್‌ಸ್ಕಿಯನ್ನು ಬಿಟ್ಟು, ಬದಲಿಗೆ ಚಿಲಿಯ ಕಮ್ಯುನಿಸ್ಟ್ ನಾಯಕ ಲೂಯಿಸ್ ಕೊರ್ವಲಾನ್ ಅವರನ್ನು ಪಡೆದರು. ಎರಡು ಸರ್ವಾಧಿಕಾರಗಳು ಕೈದಿಗಳನ್ನು ಅದಲು ಬದಲು ಮಾಡಿಕೊಂಡವು. ಒಬ್ಬರಿಗಾಗಿ ಬರೆದವರು ಇನ್ನೊಬ್ಬರಿಗಾಗಿ ಯಾಕೆ ಬರೆಯಬಾರದು?

ಇನ್ನೊಂದು ಹೇಳಲೇಬೇಕು. 1968ರ ಆಗಸ್ಟ್ 25, ಮಧ್ಯಾಹ್ನ. ಮಾಸ್ಕೋದ ಕೆಂಪು ಚೌಕದಲ್ಲಿ ಎಂಟು ಜನ ನೆಲದ ಮೇಲೆ ಕೂತರು. ತಮ್ಮದೇ ದೇಶದ ಸೈನ್ಯ ಪ್ರಾಗ್‌ಗೆ ನುಗ್ಗಿದ್ದನ್ನು ವಿರೋಧಿಸಿ. ಅವರಲ್ಲೊಬ್ಬರು ಕವಯಿತ್ರಿ ನತಾಲ್ಯಾ ಗೊರ್ಬಾನೆವ್‌ಸ್ಕಯಾ. ಮೂರು ತಿಂಗಳ ಮಗುವನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು. ಹಿಡಿದಿದ್ದ ಬಟ್ಟೆಯ ಮೇಲೆ "ನಿಮ್ಮ ಮತ್ತು ನಮ್ಮ ಸ್ವಾತಂತ್ರ್ಯಕ್ಕಾಗಿ" ಅಂತ ಇತ್ತು. ಕೆಲವೇ ನಿಮಿಷದಲ್ಲಿ ಬಂದವರು ಬಟ್ಟೆ ಕಿತ್ತುಕೊಂಡರು, ಒಬ್ಬರ ಹಲ್ಲು ಮುರಿದರು. ಇದರಲ್ಲಿ ಯಾವ ಸಿಐಎ ಹಣ ಇತ್ತು ಸರ್? ಪ್ರಾಗ್‌ನವರಿಗೆ ಅವತ್ತು ಬೇಕಾಗಿದ್ದದ್ದು, ಮಾಸ್ಕೋದಲ್ಲಿ ಒಬ್ಬರಾದರೂ ನಮ್ಮ ಕಡೆ ಇದ್ದಾರೆ ಅನ್ನುವ ಸುದ್ದಿ.

ಕೆಂಪು ಅಂಗಿ:

ಮೂವರಿಗೆ ಬರೆಯುವ ನಿಯಮ ಒಪ್ಪಿದೆ. ಅದನ್ನು ಇವತ್ತಿನವರು ಪಾಲಿಸಲಿ. ಆ ತಾಯಿಯ ವಿಷಯ ಗೊತ್ತಿರಲಿಲ್ಲ.

ನೇತ್ರಾವತಿ ಸೇತುವೆ:

ಅಕ್ಕಾ, ನಾನು ಮಂಗಳೂರಿನವನು. ಕಾಗದ ಬರೆಯುವವರ ಕಡೆಯಿಂದ ಮಾತ್ರ ಮಾತಾಡುತ್ತಿದ್ದೇವೆ. ಅದನ್ನು ಪಡೆದ ಕಡೆಯಲ್ಲೂ ನಾವು ಇದ್ದೆವು ಅಲ್ವಾ?

ನೀವು ಹೇಳಿದ ಅದೇ 1977ರ ಜನವರಿ. ಇಲ್ಲಿ ತುರ್ತು ಪರಿಸ್ಥಿತಿ. ನಮ್ಮೂರಿನ ಜಾರ್ಜ್ ಫರ್ನಾಂಡಿಸ್ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಜೈಲಿನಲ್ಲಿದ್ದರು. 1976ರ ಜೂನ್‌ನಲ್ಲಿ ಅವರನ್ನು ಕಲ್ಕತ್ತಾದಲ್ಲಿ ಹಿಡಿದಾಗ ಜೀವ ಉಳಿಯುತ್ತದಾ ಅನ್ನುವ ಭಯ ಇತ್ತು. ಯುರೋಪಿನ ಸಮಾಜವಾದಿ ನಾಯಕರಾದ ಜರ್ಮನಿಯ ವಿಲ್ಲಿ ಬ್ರಾಂಟ್, ಸ್ವೀಡನ್ನಿನ ಒಲೊಫ್ ಪಾಲ್ಮೆ, ಆಸ್ಟ್ರಿಯಾದ ಬ್ರೂನೊ ಕ್ರೈಸ್ಕಿ ಇಂದಿರಾ ಗಾಂಧಿಯವರಿಗೆ ಅವರ ಪರವಾಗಿ ಬರೆದರು. ಜಗತ್ತು ನೋಡುತ್ತಿದೆ ಅಂತ ಇಲ್ಲಿಯವರಿಗೆ ಗೊತ್ತಾಯಿತು. ಅವರು ಬದುಕುಳಿದರು, ಜೈಲಿನಿಂದಲೇ ಮುಜಫರ್‌ಪುರದಲ್ಲಿ ಚುನಾವಣೆ ಗೆದ್ದರು.

ಅದೇ ಪ್ರಕರಣದ ಸಂಬಂಧ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿದ್ದರು. ಆಸ್ತಮಾ ಇತ್ತು. ತೀರಾ ಹದಗೆಟ್ಟ ಮೇಲೆ ಜನವರಿ 15ಕ್ಕೆ ಪೆರೋಲ್ ಕೊಟ್ಟರು, 20ಕ್ಕೆ ಹೋಗಿಬಿಟ್ಟರು. ಅವರಿಗಾಗಿ ಯಾವ ಪ್ರಧಾನಿ ತಂತಿ ಕಳಿಸಿದ? ಹೆಸರು ಹೊರಗೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಇಷ್ಟು ವ್ಯತ್ಯಾಸ. ನಮ್ಮದು ಕಮ್ಯುನಿಸ್ಟ್ ಆಡಳಿತ ಅಲ್ಲ, ನಿಜ. ಆದರೆ ಜೈಲಿನ ಗೋಡೆ ಎಲ್ಲ ಕಡೆ ಒಂದೇ ಥರ.

ನಮ್ಮ ತಂದೆ ಆಗ ಒಂಬತ್ತು ತಿಂಗಳು ಒಳಗಿದ್ದರು. ಅವರಿಗೆ ಬಂದ ಒಂದು ಇನ್‌ಲ್ಯಾಂಡ್ ಲೆಟರ್ ಈಗಲೂ ಮನೆಯಲ್ಲಿದೆ. ಸೆನ್ಸಾರ್ ಠಸ್ಸೆ ಬಿದ್ದು, ಅರ್ಧ ಸಾಲುಗಳು ಕಪ್ಪು ಶಾಯಿಯಲ್ಲಿ ಮುಚ್ಚಿಹೋಗಿವೆ. ಉಳಿದಿರುವುದು ಹಲಸಿನ ಹಣ್ಣಿನ ಸುದ್ದಿ, ಎಮ್ಮೆ ಕರು ಹಾಕಿದ ಸುದ್ದಿ. ಅಪ್ಪ ಅದನ್ನು ಬಾಯಿಪಾಠ ಹೇಳುತ್ತಿದ್ದರು. ನಿಮ್ಮ ಮೇಷ್ಟ್ರಿಗೆ ಇದನ್ನು ತಿಳಿಸಿ.

ಪಿರಿಯಾಪಟ್ಟಣದ ಹುಡುಗಿ:

ನಮ್ಮ ಮನೆಯಿಂದ ಬೈಲುಕುಪ್ಪೆ ತುಂಬ ಹತ್ತಿರ. ನಾನು ಚಿಕ್ಕವಳಿದ್ದಾಗಿನಿಂದ ಅಲ್ಲಿಯ ಟಿಬೆಟನ್ ಹುಡುಗಿಯರ ಜೊತೆ ಓದಿದವಳು. ಪ್ರತಿ ವರ್ಷ ಮಾರ್ಚ್ 10ಕ್ಕೆ ಅವರು ಚೀನಾ ವಿರುದ್ಧದ 1959ರ ದಂಗೆಯ ನೆನಪಿಗೆ ಮೆರವಣಿಗೆ ಮಾಡುತ್ತಾರೆ. ನಮ್ಮೂರಿನವರು ರಸ್ತೆ ಪಕ್ಕ ನಿಂತು ನೋಡುತ್ತಾರೆ, ಅಷ್ಟೇ.

1960ರ ಸುಮಾರಿಗೆ ಅಂದಿನ ಮೈಸೂರು ಸರ್ಕಾರ ಅವರಿಗೆ ಇಲ್ಲಿ ಜಮೀನು ಕೊಟ್ಟಿತು. ಆಮೇಲೆ ಮುಂಡಗೋಡಿನಲ್ಲಿ, ಹುಣಸೂರಿನಲ್ಲಿ, ಕೊಳ್ಳೇಗಾಲದ ಕಡೆ. ಕಾಡು ಕಡಿದು ಜೋಳ ಬೆಳೆದರು. ಸೌಹಾರ್ದ ಅಂದರೆ ನನಗೆ ಮೊದಲು ನೆನಪಾಗುವುದು ಅದು. ಅವರು ಕೇಳಿದ್ದು ಒಟ್ಟಿಗೆ ಇರಲು ಜಾಗ, ಮಕ್ಕಳು ತಮ್ಮ ಭಾಷೆ ಕಲಿಯಲು ಶಾಲೆ. ಸಿಕ್ಕಿದ್ದೂ ಅದೇ. ನನ್ನ ಗೆಳತಿಯ ಅಜ್ಜಿ ಒಮ್ಮೆ ನನ್ನ ಕೈ ಹಿಡಿದು ಕನ್ನಡದಲ್ಲೇ ಹೇಳಿದ್ದರು, "ನೀವು ಜಾಗ ಕೊಟ್ಟಿರಿ. ಊರಿನ ಸುದ್ದಿ ಯಾರೂ ಕೇಳಲಿಲ್ಲ." ನಾನು ಆಗ ಪಿಯುಸಿ. ಏನು ಹೇಳಬೇಕೋ ತಿಳಿಯಲಿಲ್ಲ. ಈಗಾದರೆ ಕೂತು ಕೇಳುತ್ತಿದ್ದೆ. ಅಜ್ಜಿ ಇಲ್ಲ.

ಧಾರವಾಡದ ಓದುಗ:

ಚಾರ್ಟರ್ 77ರ ಕಥೆ 1989ರಲ್ಲಿ ಅಲ್ಲಿಯ ಕಮ್ಯುನಿಸ್ಟ್ ಆಡಳಿತ ಬಿದ್ದಾಗ ಮುಗಿಯಲಿಲ್ಲ ಅಕ್ಕಾವ್ರೆ. ಅದಕ್ಕೆ ಚೀನಾದಲ್ಲಿ ಒಂದು ಮಗು ಹುಟ್ಟಿತು.

2008ರ ಡಿಸೆಂಬರ್ 10ರಂದು ಪ್ರಜಾಪ್ರಭುತ್ವ ಬೇಕು ಅಂತ 303 ಚೀನೀಯರು ಸಹಿ ಹಾಕಿದ ಚಾರ್ಟರ್ 08 ಹೊರಬಂತು. ಹೆಸರು ಬೇಕೆಂದೇ ಹಾಗೆ ಇಟ್ಟದ್ದು. ಅದು ಹೊರಬರುವ ಎರಡು ದಿನ ಮೊದಲೇ, ಅದನ್ನು ಬರೆದವರಲ್ಲಿ ಒಬ್ಬರಾದ ಲೇಖಕ ಲಿಯು ಶಿಯಾವೊಬೊ ಅವರನ್ನು ಎತ್ತಿಕೊಂಡು ಹೋದರು. ಈ ಮನುಷ್ಯ 1989ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಾಮಾಗಿ ಪಾಠ ಮಾಡಿಕೊಂಡಿರಬಹುದಿತ್ತು. ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ಪ್ರತಿಭಟನೆಗೆ ಕೂತ ಹುಡುಗರ ಸುದ್ದಿ ಕೇಳಿ ವಾಪಸ್ ಹೋದವರು. 2009ರ ಡಿಸೆಂಬರ್ 25ರಂದು ಹನ್ನೊಂದು ವರ್ಷ ಶಿಕ್ಷೆ ಹಾಕಿದರು.

ಈಗ ನೋಡಿ. ಹನ್ನೆರಡು ದಿನ ಕಳೆಯಿತು. 2010ರ ಜನವರಿ 6. ಪ್ರಾಗ್‌ನ ಚೀನೀ ರಾಯಭಾರ ಕಚೇರಿಯ ಮುಂದೆ ಮೂವರು ಮುದುಕರು ನಿಂತಿದ್ದಾರೆ. ಹಾವೆಲ್, ಬಿಷಪ್ ವಾಸ್ಲಾವ್ ಮಾಲಿ, ಮತ್ತೆ ಅದೇ ಲಾಂಡೊವ್‌ಸ್ಕಿ, 33 ವರ್ಷದ ಹಿಂದೆ ಅದೇ ತಾರೀಕಿಗೆ ಕಾರು ಓಡಿಸಿದವನು. ಲಿಯು ಅವರನ್ನು ಬಿಡಿ ಅನ್ನುವ ಕಾಗದ ಹಾವೆಲ್ ಕೈಯಲ್ಲಿದೆ. ಗಂಟೆ ಒತ್ತಿದರು. ಯಾರೂ ಬಾಗಿಲು ತೆಗೆಯಲಿಲ್ಲ. ಕೊನೆಗೆ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಹೋದರು. 1989ರ ನಂತರ ಒಂದು ದೇಶದ ಅಧ್ಯಕ್ಷನಾಗಿದ್ದ ಹಾವೆಲ್ ಮುಚ್ಚಿದ ಬಾಗಿಲ ಮುಂದೆ ನಿಲ್ಲಲು ನಾಚಲಿಲ್ಲ.

ಅದೇ ವರ್ಷ ಲಿಯು ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಓಸ್ಲೊದಲ್ಲಿ ಖಾಲಿ ಕುರ್ಚಿ ಇಟ್ಟು ಅದರ ಮೇಲೆ ಪ್ರಶಸ್ತಿ ಪತ್ರ ಇಟ್ಟರು. ಹೋಗಬೇಡಿ ಅಂತ ಚೀನಾ ಎಲ್ಲ ದೇಶಗಳಿಗೂ ಹೇಳಿತ್ತು. ಭಾರತದ ರಾಯಭಾರಿ ಹೋಗಿದ್ದರು, ಅದು ನನಗೆ ಹೆಮ್ಮೆ. ನಾರ್ವೆ ಜೊತೆ ಚೀನಾ ಆರು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ.

ಆದರೆ ಲಿಯು ಹೊರಬರಲಿಲ್ಲ. 2017ರ ಜುಲೈ 13ರಂದು ಶೆನ್ಯಾಂಗ್‌ನಲ್ಲಿ ಕಾವಲಿನಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಚಿಕಿತ್ಸೆಗೆ ಹೊರದೇಶಕ್ಕೆ ಕಳಿಸಿ ಅಂತ ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಹೆಂಡತಿ, ಕವಯಿತ್ರಿ ಲಿಯು ಶಿಯಾ, ಯಾವ ಆರೋಪವೂ ಇಲ್ಲದೆ ಎಂಟು ವರ್ಷದ ಹತ್ತಿರ ಗೃಹಬಂಧನದಲ್ಲಿದ್ದರು. ಜರ್ಮನಿಯವರು ಬಿಡದೆ ಕೇಳಿದ್ದಕ್ಕೆ 2018ರ ಜುಲೈನಲ್ಲಿ ಬರ್ಲಿನ್‌ಗೆ ಹೋಗಲು ಬಿಟ್ಟರು. ಗಂಡನಿಗೆ ಆಗದ್ದು ಹೆಂಡತಿಗೆ ಆಯಿತು. ಇದನ್ನು ಗೆಲುವು ಅನ್ನಲೋ ಸೋಲು ಅನ್ನಲೋ ನನಗೆ ತಿಳಿಯದು.

ತುಂಗಾತೀರದವಳು:

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ನೇತ್ರಾವತಿ ಅವರೇ, ಆ ಹಲಸಿನ ಹಣ್ಣಿನ ಕಾಗದದ ಬಗ್ಗೆ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ.

ಟೈಪಿಸ್ಟ್ ಸರ್ ಮತ್ತು ಪಿರಿಯಾಪಟ್ಟಣದ ತಂಗಿ ಹೇಳಿದ ಒಂದು ಮಾತು ನನ್ನನ್ನು ಹಿಡಿದುಕೊಂಡಿದೆ. ಒಳಗಿದ್ದವರು ಏನು ಕೇಳಿದರು? ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಪ್ರಾಗ್‌ನಲ್ಲಿ ಯೂಲಿಯಸ್ ತೋಮಿನ್ ಅನ್ನುವ ತತ್ವಶಾಸ್ತ್ರಜ್ಞರಿದ್ದರು. ವಿಶ್ವವಿದ್ಯಾಲಯಕ್ಕೆ ಸೇರಲು ಬಿಡದ ಹುಡುಗರಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. 1978ರಲ್ಲಿ ಹೊರಗಿನ ನಾಲ್ಕು ವಿಶ್ವವಿದ್ಯಾಲಯಗಳಿಗೆ ಬರೆದರು. ಕೇಳಿದ್ದು ಹಣ ಅಲ್ಲ, ಖಂಡನಾ ನಿರ್ಣಯ ಅಲ್ಲ. ಬಂದು ಪಾಠ ಮಾಡಿ ಅಂದರು. ಆಕ್ಸ್‌ಫರ್ಡ್ ಮಾತ್ರ ಉತ್ತರ ಕೊಟ್ಟಿತು. 1979ರಿಂದ ಒಬ್ಬೊಬ್ಬರಾಗಿ ಹೋದರು. ಸಣ್ಣ ಫ್ಲ್ಯಾಟಿನಲ್ಲಿ, ಹುಡುಗರು ನೆಲದ ಮೇಲೆ ಕೂತು, ಪ್ಲೇಟೊ ಮತ್ತು ಅರಿಸ್ಟಾಟಲ್ ಓದಿದರು. 1980ರಲ್ಲಿ ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಆಂಟನಿ ಕೆನಿ ಪಾಠ ಮಾಡುತ್ತಿದ್ದಾಗಲೇ ಪೊಲೀಸರು ನುಗ್ಗಿದರು. 1981ರ ಡಿಸೆಂಬರ್‌ನಲ್ಲಿ ಪಾಠಕ್ಕೆ ಬಂದ ಫ್ರಾನ್ಸಿನ ತತ್ವಶಾಸ್ತ್ರಜ್ಞ ಜಾಕ್ ದೆರಿದಾ ಅವರ ಸಾಮಾನಿನಲ್ಲಿ ಪೊಲೀಸರೇ ಮಾದಕ ವಸ್ತು ಇಟ್ಟು ಅವರನ್ನು ಹಿಡಿದರು. ಅಧ್ಯಕ್ಷ ಮಿತ್ತೆರಾನ್ ಮಾತಾಡಿದ ಮೇಲೆ ಬಿಟ್ಟರು. ಆದರೂ ಪಾಠ ನಿಲ್ಲಲಿಲ್ಲ.

ತಪ್ಪುಗಳೂ ಆದವು. 1981ರ ಏಪ್ರಿಲ್‌ನಲ್ಲಿ ಪುಸ್ತಕ ತುಂಬಿದ ಫ್ರೆಂಚ್ ವ್ಯಾನೊಂದು ಗಡಿಯಲ್ಲಿ ಸಿಕ್ಕಿಬಿತ್ತು. ತಂದಿದ್ದ ಇಬ್ಬರನ್ನು ಸ್ವಲ್ಪ ದಿನಕ್ಕೇ ಅವರ ದೇಶಕ್ಕೆ ಕಳಿಸಿದರು. ದೇಶದೊಳಗೇ ಇದ್ದ ಯಿರ್ಶಿನಾ ಶಿಕ್ಲೊವಾ, ಮಿಲಾನ್ ಶಿಮೆಚ್ಕಾ ಮುಂತಾದವರು ಜೈಲಿಗೆ ಹೋದರು. ನಾವು ಬರೆಯುವ ಪ್ರತಿ ಸಾಲಿನಲ್ಲೂ ಈ ಎಚ್ಚರ ಇರಬೇಕು. ಅವರ ಗೆಳೆಯರ ಹೆಸರು ಬೇಡ, ಆಕ್ರೋಶ ಬೇಡ. ನಮ್ಮ ಕಾರ್ಡಿನಲ್ಲಿ ಇಬ್ಬರು ಅಲ್ಲಿಯ ಸರ್ಕಾರವನ್ನು ಬೈದು ಬರೆದಿದ್ದಾರೆ. ಬೇರೆ ಕಾರ್ಡು ಬರೆಯುತ್ತೇವೆ. ಈ ಸಲ ತುಂಗೆಗೆ ನೀರು ಬಂದ ಸುದ್ದಿ, ಮಲ್ಲಿಗೆ ದಂಡೆಯ ಸುದ್ದಿ.

ಪಾತೊಚ್ಕಾ ಬಗ್ಗೆ ಕೂಡ ಮತ್ತೆ ಯೋಚಿಸಿದೆ. ಆ ಮಂತ್ರಿಯನ್ನು ಕಾಣಬೇಕೆಂದು ಪಾತೊಚ್ಕಾ ತಾವಾಗಿ ನಡೆದು ಹೋದರು. ಏನಾಗಬಹುದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆ ಆಯ್ಕೆಯನ್ನು ಅವರ ಪರವಾಗಿ ನಾನು ಮಾಡಲು ಹೋಗಬಾರದಿತ್ತು.

ಮತ್ತೆ ದೊವಾನ್ ಟ್ರಾಂಗ್. ಹಿಡಿಯುವ ಒಂದು ವರ್ಷ ಮೊದಲೇ, 2019ರ ಮೇ 27ಕ್ಕೆ, ತಮ್ಮ ಹುಟ್ಟಿದ ದಿನ, ಅವರು ಒಂದು ಕಾಗದ ಬರೆದಿಟ್ಟಿದ್ದರು. ನಾನು ಜೈಲಿಗೆ ಹೋದರೆ ಇದನ್ನು ಹೊರಗೆ ಹಾಕಿ ಅಂತ. ಅದರಲ್ಲಿ ಎಲ್ಲ ಇದೆ. ನನ್ನೊಬ್ಬಳ ಬಿಡುಗಡೆ ಕೇಳಿ ಸುಮ್ಮನಾಗಬೇಡಿ, ನಾನು ಒಳಗಿರುವುದನ್ನೇ ಬಳಸಿಕೊಂಡು ಚುನಾವಣಾ ಕಾನೂನು ಬದಲಾಯಿಸಲು ಒತ್ತಾಯ ಹಾಕಿ, ನನ್ನ ಪುಸ್ತಕಗಳನ್ನು ಜನಕ್ಕೆ ತಲುಪಿಸಿ ಅಂದಿದ್ದಾರೆ. ನಾವು ಹನ್ನೊಂದು ಜನ ಏನು ಬರೆಯುವುದು ಅಂತ ತಲೆ ಕೆಡಿಸಿಕೊಂಡಿದ್ದಾಗ ಉತ್ತರ ಅಲ್ಲೇ ಇತ್ತು.

ಕಾನೂನಿನ ವಿಷಯಕ್ಕೆ ನಮ್ಮ ಸಂಸದರಿಗೆ ಒಂದು ಕಾಗದ ಬರೆಯುತ್ತೇವೆ. ವಿಯೆಟ್ನಾಂ ಜೊತೆ ನಮ್ಮ ಸರ್ಕಾರದ ಮಾತುಕತೆ ನಡೆಯುತ್ತಲೇ ಇರುತ್ತದೆ. ಪುಸ್ತಕದ ವಿಷಯ ನಮ್ಮ ಕೈಯಲ್ಲೇ ಇದೆ. ರಾಜಕೀಯ ಅಂದರೆ ಏನು ಅಂತ ಸಾಮಾನ್ಯ ಜನರಿಗೆ ಸರಳವಾಗಿ ತಿಳಿಸುವ ಅವರ ಬರಹಗಳಲ್ಲಿ ಒಂದೆರಡನ್ನು ಅನುಮತಿ ಪಡೆದು ಕನ್ನಡಕ್ಕೆ ತರಬೇಕು ಅಂದುಕೊಂಡಿದ್ದೇವೆ. ವಿಯೆಟ್ನಾಮಿ ಭಾಷೆ ಬಲ್ಲ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಇಂಗ್ಲಿಷ್ ಮೂಲಕ ತಂದರೆ ಎಷ್ಟೋ ಜಾರಿಹೋಗುತ್ತದೆ.

ಧಾರವಾಡದ ಓದುಗ:

ಭಾಷೆ ಬಾರದು. ಕರಡು ತಿದ್ದಲು ನಾನಿದ್ದೇನೆ.

ಕೆಂಪು ಅಂಗಿ:

ಮೊದಲ ಕಂತು ನಮ್ಮ ಸಂಘದ ಕೋಣೆಯಲ್ಲಿ ಓದಿಸುತ್ತೇನೆ ಮೇಡಂ. ಜಗಳ ಆಗುತ್ತದೆ, ಆದರೂ ಓದಿಸುತ್ತೇನೆ.

ಹಳೇ ಟೈಪಿಸ್ಟ್:

ಅಮ್ಮಾ, ಟೈಪಿಂಗ್ ನನಗೆ ಬಿಡಿ. ಹಸ್ತಪ್ರತಿ ಕಳಿಸಿದ ದಿನವೇ ಶುರು ಮಾಡುತ್ತೇನೆ.